ವೈಫೈ ಬೆನ್ನಿಗೆ ಬಾಣಲೆ ಇಟ್ಟರೆ ಏನಾಗುತ್ತದೆ?

ಕಳೆದ ಮಳೆಗಾಲದಲ್ಲಿ ನಮ್ಮ ವಾಟ್ಸ್ಆ್ಯಪ್‌ಗೆ ಒಂದು ಫೋಟೊ ಬಂತು. ಜಗಲಿಯ ಮೂಲೆಯಲ್ಲಿ ಸ್ಟೂಲು, ಸ್ಟೂಲಿನ ಮೇಲೆ ವೈಫೈ ಡಬ್ಬಿ, ಅದರ ಬೆನ್ನಿಗೆ ಒರಗಿಸಿಟ್ಟ ದೊಡ್ಡ ಅಲ್ಯೂಮಿನಿಯಂ ಬಾಣಲೆ. ಬಾಣಲೆ ಜಾರಿ ಬೀಳದಂತೆ ಎರಡು ಕಡೆ ಎರಡು ತೆಂಗಿನಕಾಯಿ. ಕೆಳಗೆ ಬರೆದಿತ್ತು: "ಇದನ್ನ ಸುದ್ದಿ ಮಾಡ್ರಾ ನೋಡ್ವ."

ಕಳಿಸಿದವರು ಶಿರಸಿ ಕಡೆಯ ನಮ್ಮ ಪರಿಚಯದ ಅಕ್ಕ. ನಾವು ಸುದ್ದಿ ಮಾಡಲಿಲ್ಲ. ಮಳೆ ಸ್ವಲ್ಪ ಬಿಟ್ಟ ಸಂಜೆ ಇಬ್ಬರು ಬೈಕ್ ಹತ್ತಿ ಅವರ ಮನೆಗೆ ಹೋದೆವು.

ಹಳೇ ಕಾಲದ ಮನೆ. ಚಿರೆಕಲ್ಲಿನ ದಪ್ಪ ಗೋಡೆ, ಹಂಚಿನ ಮಾಡು, ಹಿಂದೆ ಕೊಟ್ಟಿಗೆ. ಹಿಂದಿನ ವರ್ಷ ತೋಟದ ಮೇಲಿಂದ ಫೈಬರ್ ತಂತಿ ಎಳೆದು ಜಗಲಿಗೆ ತಂದಿದ್ದರು. ತಂತಿ ಎಲ್ಲಿ ಮನೆ ಮುಟ್ಟಿತೋ ಅಲ್ಲೇ ಡಬ್ಬಿ ಕೂತಿತು. ಟಿವಿಯೂ ಅಲ್ಲೇ. ಯಜಮಾನರು ಕೂರುವುದೂ ಅಲ್ಲೇ. ಮಗಳ ಕೋಣೆ ಮಾತ್ರ ನಡುಮನೆ ದಾಟಿ, ಅಡುಗೆಮನೆ ಪಕ್ಕ. ನಡುವೆ ಎರಡು ಗೋಡೆ, ಒಂದು ಕಬ್ಬಿಣದ ಕಪಾಟು.

ಹುಡುಗಿ ಸಿಇಟಿ ಬರೆದಿದ್ದಳು. ಕಾಲೇಜಿನ ಆಯ್ಕೆ ಪಟ್ಟಿಯನ್ನು ಆನ್‌ಲೈನಿನಲ್ಲಿ ತುಂಬುವುದಿತ್ತು. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ಒಂದೊಂದನ್ನೇ ನೋಡಿ ಜೋಡಿಸುವ ಕೆಲಸ. ಕೋಣೆಯಲ್ಲಿ ಪುಟವೇ ತೆರೆಯುತ್ತಿರಲಿಲ್ಲ. ಜಗಲಿಗೆ ಬಂದರೆ ಟಿವಿ ಸದ್ದು, ಬಂದು ಹೋಗುವವರು, ರಾತ್ರಿಯಾದರೆ ಸೊಳ್ಳೆ. "ತಮಾ, ತಿಂಗಳಾ ತಿಂಗಳಾ ದುಡ್ಡು ಕಟ್ಟೂದು ಮನೆಗೆಲ್ಲ, ನೆಟ್ಟು ಬರೂದು ಜಗಲಿಗೆ ಮಾತ್ರ" ಎಂದರು ಅಕ್ಕ. ಯಾರೋ ಮೊಬೈಲಿನಲ್ಲಿ ತೋರಿಸಿದ ವಿಡಿಯೊ ನೋಡಿ ಬಾಣಲೆ ಇಟ್ಟಿದ್ದರು.

ಬಾಣಲೆಯಿಂದ ಉಪಯೋಗ ಆಗುತ್ತದೆಯೇ? ಆಗುತ್ತದೆ. ನಗಬೇಡಿ, ಇದಕ್ಕೊಂದು ಚರಿತ್ರೆಯೇ ಇದೆ. ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದಲ್ಲಿದ್ದ ಸ್ಟಾನ್ ಸ್ವಾನ್ ಎಂಬವರು ಇಪ್ಪತ್ತು ವರ್ಷದ ಹಿಂದೆಯೇ ಚೀನೀ ಅಡುಗೆಯ ಜಾಲರಿ ಸೌಟು, ಬಾಣಲೆಗಳ ನಡುವೆ ಯುಎಸ್‌ಬಿ ವೈಫೈ ಕಡ್ಡಿ ಕಟ್ಟಿ ದೂರದ ಸಿಗ್ನಲ್ ಹಿಡಿದು ತೋರಿಸಿದ್ದರು. ಚೀನೀ ಬಾಣಲೆಗೆ ಇಂಗ್ಲಿಷಿನಲ್ಲಿ ವೋಕ್ ಎನ್ನುತ್ತಾರೆ. ಹಾಗಾಗಿ ಅದಕ್ಕೆ ವೋಕ್‌ಫೈ ಎಂದೇ ಹೆಸರು ಬಿತ್ತು. ಅಮೆರಿಕದ ಡಾರ್ಟ್ಮತ್ ಕಾಲೇಜಿನ ಸಂಶೋಧಕರು 2017ರಲ್ಲಿ ಇದನ್ನೇ ಶಾಸ್ತ್ರೋಕ್ತವಾಗಿ ಮಾಡಿದರು. ಕೋಣೆಯ ಲೆಕ್ಕ ಹಾಕಿ ಪ್ಲಾಸ್ಟಿಕ್ಕಿನ ಆಕಾರ ಮಾಡಿ, ಅದಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ ರೌಟರ್ ಹಿಂದೆ ಇಟ್ಟರು. ಬೇಕಾದ ಕಡೆ ಸಿಗ್ನಲ್ ಹೆಚ್ಚಿತು, ಬೇಡದ ಕಡೆ ಕಡಿಮೆಯಾಯಿತು.

ಬೇಡದ ಕಡೆ ಕಡಿಮೆಯಾಯಿತು ಎನ್ನುವ ಮಾತನ್ನು ವಿಡಿಯೊ ಮಾಡುವವರು ಹೇಳುವುದಿಲ್ಲ. ನಮ್ಮ ಇಡೀ ಮಾತು ಇರುವುದೇ ಅಲ್ಲಿ.

ಲೋಹ ಸಿಗ್ನಲ್ಲನ್ನು ಹುಟ್ಟಿಸುವುದಿಲ್ಲ. ಟಾರ್ಚಿನ ಬಲ್ಬಿನ ಹಿಂದೆ ಹೊಳೆಯುವ ಬಟ್ಟಲು ಇರುತ್ತದಲ್ಲ, ಹಾಗೆ ತಿರುಗಿಸುತ್ತದೆ ಅಷ್ಟೇ. ಹಿಂದೆ ಹೋಗಬೇಕಾದದ್ದು ಮುಂದೆ ಬರುತ್ತದೆ. ಅಕ್ಕನ ಮನೆಯ ಡಬ್ಬಿ ಹೊರಗೋಡೆಗೆ ಅಂಟಿಕೊಂಡಿತ್ತು. ಅದರ ಅರ್ಧ ಸಿಗ್ನಲ್ ಅಂಗಳದ ಬಾಳೆಗಿಡಕ್ಕೂ ಮಳೆಗೂ ಹೋಗುತ್ತಿತ್ತು. ಅದನ್ನು ಒಳಕ್ಕೆ ತಿರುಗಿಸಿದರೆ ಯಾರಿಗೂ ನಷ್ಟವಿಲ್ಲ. ಆದರೆ ಡಬ್ಬಿ ಮನೆಯ ನಡುವೆ ಇದ್ದರೆ ಒಂದು ಕೋಣೆಗೆ ಕೊಟ್ಟದ್ದು ಇನ್ನೊಂದು ಕೋಣೆಯಿಂದ ಕಿತ್ತದ್ದೇ.

ಹೋದ ತಕ್ಷಣ ನಾವು ಬಾಣಲೆ ಮುಟ್ಟಲಿಲ್ಲ. ಮೊದಲು ಮೊಬೈಲ್ ಹಿಡಿದು ಡಬ್ಬಿಯ ಪಕ್ಕವೇ ನಿಂತು ಸ್ಪೀಡ್ ನೋಡಿದೆವು. ಈ ಒಂದು ಪರೀಕ್ಷೆಯನ್ನು ನೀವೂ ಮಾಡಿ, ಬೇರೇನೂ ಮಾಡದಿದ್ದರೂ ಚಿಂತಿಲ್ಲ. ಮೊಬೈಲಿನಲ್ಲಿ ಕಾಣುವ ವೈಫೈ ಗೆರೆಗಳು ನಿಮ್ಮ ಮೊಬೈಲಿಗೂ ಡಬ್ಬಿಗೂ ಇರುವ ಸಂಬಂಧವನ್ನು ಹೇಳುತ್ತವೆ. ಡಬ್ಬಿಯ ಆಚೆಗಿನ ತಂತಿಯ ಕಥೆ ಅದಕ್ಕೆ ಗೊತ್ತಿಲ್ಲ. ಪಕ್ಕದಲ್ಲಿ ನಿಂತಾಗಲೂ ನಿಧಾನವಾದರೆ ತೊಂದರೆ ಹೊರಗಿನದು. ಎಲ್ಒಎಸ್ ಎಂದು ಬರೆದಲ್ಲಿ ಕೆಂಪು ದೀಪ ಉರಿಯುತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ಆಗ ಬಾಣಲೆಯಲ್ಲ, ಬಂಗಾರದ ತಟ್ಟೆ ಇಟ್ಟರೂ ಇಲ್ಲ.

ಅಕ್ಕನ ಮನೆಯಲ್ಲಿ ಡಬ್ಬಿ ಪಕ್ಕ ಚೆನ್ನಾಗಿಯೇ ಬರುತ್ತಿತ್ತು. ನಡುಮನೆಯಲ್ಲಿ ಸ್ವಲ್ಪ ಇಳಿಯಿತು. ಕಪಾಟು ದಾಟುತ್ತಲೇ ಪಾತಾಳಕ್ಕೆ ಬಿತ್ತು. ಕಬ್ಬಿಣದ ಕಪಾಟು, ತಗಡಿನ ಗೋಡೆ, ದೊಡ್ಡ ಕನ್ನಡಿ ಇವೆಲ್ಲ ಸಿಗ್ನಲ್ಲನ್ನು ವಾಪಸ್ ತಳ್ಳುತ್ತವೆ. ನೀರು ಅದನ್ನು ನುಂಗುತ್ತದೆ. ನೀರಿನ ಡ್ರಮ್ಮು ಇರಲಿ, ಮಳೆಗೆ ನೆನೆದ ಮಣ್ಣಿನ ಗೋಡೆ ಇರಲಿ, ಎದುರು ಕೂತ ಮನುಷ್ಯರೇ ಇರಲಿ. ಮಳೆಗಾಲದಲ್ಲಿ ಹಳೇ ಮನೆಯೊಳಗೆ ನೆಟ್ಟು ಇನ್ನಷ್ಟು ಸೊರಗಲು ಅದೂ ಒಂದು ಕಾರಣ.

ಇನ್ನು ಬಾಣಲೆ. ಅಕ್ಕ ಅದನ್ನು ಡಬ್ಬಿಯ ಕಡ್ಡಿಗಳಿಗೆ ತಾಗಿಸಿಯೇ ಇಟ್ಟಿದ್ದರು. ಲೋಹ ಕಡ್ಡಿಗೆ ತಾಗಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಬಾಣಲೆಯ ಬದಲು ಹಳೇ ರಟ್ಟಿನ ಪೆಟ್ಟಿಗೆ ಕತ್ತರಿಸಿದೆವು. ಕಡ್ಡಿಗಿಂತ ಒಂದು ಗೇಣು ಎತ್ತರ, ಎರಡು ಗೇಣು ಅಗಲ. ಶಿರಸಿ ಪೇಟೆಯಿಂದ ತಂದ ಅಲ್ಯೂಮಿನಿಯಂ ಹಾಳೆಯನ್ನು ಸುಕ್ಕಾಗದಂತೆ ಅದಕ್ಕೆ ಅಂಟಿಸಿದೆವು. ರಟ್ಟನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಹೊಟ್ಟೆಯ ಭಾಗ ಮನೆಯೊಳಕ್ಕೆ ತೆರೆದುಕೊಳ್ಳುವಂತೆ, ಕಡ್ಡಿಯಿಂದ ನಾಲ್ಕು ಬೆರಳು ಹಿಂದೆ ನಿಲ್ಲಿಸಿದೆವು. ಹಾಳೆ ಸಿಗದಿದ್ದರೆ ಎಣ್ಣೆ ಡಬ್ಬದ ತಗಡೂ ಆಗುತ್ತದೆ, ಅಂಚು ಕೈ ಕುಯ್ಯದಂತೆ ಮಡಚಿಕೊಳ್ಳಿ. ಡಬ್ಬಿಯ ಸುತ್ತ ಪೂರ್ತಿ ಸುತ್ತಬೇಡಿ. ಸಿಗ್ನಲ್ಲೂ ಹೊರಬರುವುದಿಲ್ಲ, ಡಬ್ಬಿಯೂ ಬಿಸಿಯಾಗುತ್ತದೆ. ಕರೆಂಟಿನ ಪ್ಲಗ್ಗಿಗೆ ತಗಡು ತಾಗದಂತೆ ನೋಡಿಕೊಳ್ಳುವುದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ನಡೆದದ್ದು ನಮ್ಮ ಬಾಲ್ಯದ ಭಾನುವಾರದಂತೆಯೇ. ದೂರದರ್ಶನದಲ್ಲಿ ರಾಮಾಯಣ, ಮಹಾಭಾರತ ಬರುತ್ತಿದ್ದ ದಿನಗಳ ಕಥೆ ದೊಡ್ಡವರ ಬಾಯಲ್ಲಿ ಕೇಳಿಲ್ಲವೇ? ಮಾಡಿನ ಮೇಲೆ ಒಬ್ಬ ಆ್ಯಂಟೆನಾ ತಿರುಗಿಸುವುದು, ಒಳಗಿನಿಂದ ಇನ್ನೊಬ್ಬ "ಬಂತು, ಬಂತು... ಹೋತು" ಎಂದು ಕೂಗುವುದು. ಇಲ್ಲೂ ಒಬ್ಬರು ರಟ್ಟು ಜರುಗಿಸಿದೆವು, ಹುಡುಗಿ ಕೋಣೆಯಿಂದ ಕೂಗಿದಳು. ಒಂದು ಗೆರೆ ಇದ್ದದ್ದು ಎರಡಾಯಿತು. ಪುಟ ತೆರೆಯಿತು. ತಿಣುಕಿ ತಿಣುಕಿ, ಆದರೂ ತೆರೆಯಿತು.

ಕಡ್ಡಿಗಳ ವಿಷಯವೂ ಹೇಳಿಬಿಡುತ್ತೇವೆ. ಕಡ್ಡಿಯಿಂದ ಹೊರಡುವ ಸಿಗ್ನಲ್ಲಿನ ಆಕಾರ ಉದ್ದಿನ ವಡೆಯ ಹಾಗೆ. ವಡೆಯ ತೂತಿನಲ್ಲಿ ಕಡ್ಡಿ ಸಿಕ್ಕಿಸಿದ್ದೀರಿ ಎಂದುಕೊಳ್ಳಿ. ಸುತ್ತಲೂ ದಪ್ಪ, ಮೇಲೆ ಕೆಳಗೆ ಏನೂ ಇಲ್ಲ. ಕಡ್ಡಿ ನೆಟ್ಟಗೆ ನಿಂತರೆ ಅದೇ ಮಟ್ಟದ ಕೋಣೆಗಳಿಗೆ ಹೋಗುತ್ತದೆ. ಅಟ್ಟದ ಮೇಲೆ ಬೇಕಿದ್ದರೆ ಒಂದು ಕಡ್ಡಿಯನ್ನು ಅಡ್ಡ ಮಲಗಿಸಿ. ಡಬ್ಬಿ ಎರಡು ಹೆಸರಿನ ವೈಫೈ ತೋರಿಸುತ್ತಿದ್ದರೆ, ಅದರಲ್ಲಿ ಐದು ಗಿಗಾಹರ್ಟ್ಸಿನದು ವೇಗ ಹೆಚ್ಚು, ಗೋಡೆ ದಾಟುವ ತ್ರಾಣ ಕಡಿಮೆ. ದಪ್ಪ ಗೋಡೆಯ ಮನೆಯ ಒಳಕೋಣೆಗೆ 2.4 ಗಿಗಾಹರ್ಟ್ಸಿನದೇ ಸರಿ.

ಮರುದಿನ ಕೇಬಲ್ ಹುಡುಗನಿಗೆ ಫೋನ್ ಮಾಡಿಸಿದೆವು. ಗೋಡೆಯ ಮೇಲೆ ಸುರುಳಿ ಸುತ್ತಿಟ್ಟ ಫೈಬರ್ ತಂತಿ ಹತ್ತಾರು ಅಡಿ ಉಳಿದಿತ್ತು. ಅದನ್ನು ಬಿಚ್ಚಿ ಡಬ್ಬಿಯನ್ನು ನಡುಮನೆಯ ಎತ್ತರದ ಹಲಗೆಗೆ ತಂದು ಕೂರಿಸಿದ. ಈ ಕೆಲಸ ನೀವೇ ಮಾಡಬೇಡಿ. ಫೈಬರ್ ಒಳಗಿರುವುದು ಕೂದಲಿನಂಥ ಗಾಜು, ಮಡಚಿದರೆ ಮುಗಿಯಿತು. ಕಪಾಟನ್ನು ಬೇರೆ ಗೋಡೆಗೆ ಸರಿಸಿದೆವು. ಅಷ್ಟಕ್ಕೇ ಹುಡುಗಿಯ ಕೋಣೆಯಲ್ಲಿ ಮೂರು ಗೆರೆ ಬಂತು. ಬಾಣಲೆ, ರಟ್ಟು, ಹಾಳೆ ಎಲ್ಲ ಸೇರಿ ಮಾಡಿದ್ದಕ್ಕಿಂತ ಹೆಚ್ಚು ಕೆಲಸ ಡಬ್ಬಿಯ ಜಾಗ ಬದಲಿಸಿದ್ದರಿಂದ ಆಯಿತು.

ಹಾಗಾದರೆ ಒಂದು ವರ್ಷ ಅದು ಜಗಲಿಯಲ್ಲೇ ಯಾಕಿತ್ತು?

ಕೇಬಲ್ ಹುಡುಗನಿಗೆ ಬೇಗ ಮುಗಿಸಿ ಮುಂದಿನ ಮನೆಗೆ ಹೋಗುವ ಅವಸರ. ಮನೆಯಲ್ಲಿ ಅವನ ಜೊತೆ ಮಾತಾಡಿದವರು ಜಗಲಿಯಲ್ಲಿ ಕೂರುವವರು. ಒಳಗಿನವರನ್ನು ಯಾರೂ ಕೇಳಲಿಲ್ಲ. ನಾವು ಓಡಾಡುವ ಮನೆಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇವೆ. ಡಬ್ಬಿ ಗಂಡಸರು ಕೂರುವಲ್ಲಿ, ಟಿವಿ ಇರುವಲ್ಲಿ. ಓದುವ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅಡುಗೆಮನೆಯಲ್ಲಿ ನಿಂತು ಸ್ವಸಹಾಯ ಸಂಘದ ಲೆಕ್ಕ ಕಳಿಸುವ ಹೆಂಗಸರಿಗೆ ಗೋಡೆ ದಾಟಿ ಉಳಿದದ್ದು. ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೆ ಸಿಗ್ನಲ್ ಹುಟ್ಟುವುದಿಲ್ಲ, ಹಂಚಿಕೆಯಾಗುತ್ತದೆ ಎಂದಮೇಲೆ ಯಾರಿಗೆ ಎಷ್ಟು ಎಂದು ಮನೆಯವರೆಲ್ಲ ಕೂತು ಮಾತಾಡಬೇಕಲ್ಲ. ಹೊಸ ಸಂಪರ್ಕ ಹಾಕಿಸುವ ದಿನ ಹುಡುಗನಿಗೆ ಚಹಾ ಕೊಟ್ಟು, "ಒಳಗಿನ ತನಕ ಎಳೆದು ಹೋಗಪ್ಪ" ಎನ್ನಿ. ಆಮೇಲೆ ಹೇಳುವುದಕ್ಕಿಂತ ಅದು ಸಲೀಸು.

ಮನೆ ತೀರಾ ಉದ್ದವಾಗಿದ್ದರೆ, ಇಲ್ಲವೇ ಓದುವ ಕೋಣೆ ಅಂಗಳದಾಚೆ ಇದ್ದರೆ, ರಟ್ಟಿನ ಆಟ ಬಿಡಿ. ಡಬ್ಬಿಯಿಂದ ಒಂದು ಲ್ಯಾನ್ ಕೇಬಲ್ ಎಳೆದು ಕೊನೆಗೆ ಇನ್ನೊಂದು ಹಳೇ ರೌಟರ್ ಸಿಕ್ಕಿಸಿ. ನೂರು ಮೀಟರಿನವರೆಗೆ ಕೇಬಲ್ ನಡೆಯುತ್ತದೆ. ನಮ್ಮ ಮಟ್ಟಿಗೆ ಇದೇ ಖಾತ್ರಿಯ ದಾರಿ. ಮೊಬೈಲ್ ಬೆನ್ನಿಗೆ ಅಂಟಿಸುವ ಸ್ಟಿಕ್ಕರಿಗೆ ದುಡ್ಡು ಹಾಕಬೇಡಿ. ಟವರಿನ ಸಿಗ್ನಲ್ ಎಳೆಯುವ ಮೊಬೈಲ್ ಬೂಸ್ಟರುಗಳನ್ನು ಆನ್‌ಲೈನಿನಲ್ಲಿ ಮಾರುತ್ತಾರೆ. ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ, ಅಲ್ಲದೆ ಸುತ್ತಲಿನವರ ಸಿಗ್ನಲ್ಲೂ ಕೆಡುತ್ತದೆ. ಸ್ಟೀಲ್ ಲೋಟದೊಳಗೆ ಮೊಬೈಲ್ ಇಟ್ಟರೆ ಹಾಡು ಜೋರಾಗಿ ಕೇಳುತ್ತದೆ, ನಿಜ. ಅದು ಸದ್ದು. ಸಿಗ್ನಲ್ ಅಲ್ಲ.

ಫೋಟೊ ಬಂದಾಗ ನಾವು ಸುದ್ದಿ ಮಾಡಲಿಲ್ಲ ಎಂದೆವಲ್ಲ, ಅದಕ್ಕೊಂದು ಕಾರಣವಿದೆ. 2020, 2021ರಲ್ಲಿ ಅಂಥ ಸುದ್ದಿ ಬೇಕಷ್ಟು ಬರೆದವರು ನಾವು. ಗುಡ್ಡ ಹತ್ತಿ ಪಾಠ ಕೇಳಿದವರು, ಮರದ ಮೇಲೆ ಅಟ್ಟ ಕಟ್ಟಿಕೊಂಡವರು. ಸುಳ್ಯ ತಾಲ್ಲೂಕಿನಲ್ಲಿ ರಸ್ತೆ ಬದಿ ಕೂತು ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೊ ದೇಶವೆಲ್ಲ ಸುತ್ತಿತು. ನಾವು ಬರೆದ ತಲೆಬರಹಗಳಲ್ಲಿ "ಛಲ", "ಜಾಣ್ಮೆ" ಎಂಬ ಪದಗಳೇ ಇದ್ದವು. ಟವರ್ ಯಾಕಿಲ್ಲ, ಎಂದು ಬರುತ್ತದೆ ಎಂದು ಕೇಳಿದ ಸಾಲು ಕೊನೆಯ ಪ್ಯಾರಾದಲ್ಲಿತ್ತು. ಪುಟದಲ್ಲಿ ಜಾಗ ಸಾಲದಾಗ ಕತ್ತರಿಯಾಗುವುದು ಕೊನೆಯ ಪ್ಯಾರಾವೇ.

ಬಾಣಲೆಯನ್ನು ಹೊಗಳಿ ಬರೆದಿದ್ದರೆ ಓದುವವರು ಹತ್ತು ಜನ ನಗುತ್ತಿದ್ದರು, ಹುಡುಗಿ ಜಗಲಿಯಲ್ಲೇ ಇರುತ್ತಿದ್ದಳು. ಅಕ್ಕನ ಮನೆಗಾದರೂ ತಂತಿ ಬಂದಿದೆ. ತಂತಿಯೇ ಬಾರದ ಕೇರಿಗಳಿವೆ. ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಆಮೇಲೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. 2023ರಲ್ಲಿ ತಿದ್ದುಪಡಿ ಮಾಡಿ 1.39 ಲಕ್ಷ ಕೋಟಿ ರೂಪಾಯಿಗೆ ಮತ್ತೆ ಒಪ್ಪಿಗೆ ಸಿಕ್ಕಿತು. ನಿಮ್ಮ ಪಂಚಾಯಿತಿ ಕಟ್ಟಡದಲ್ಲಿ ಅದರ ಪೆಟ್ಟಿಗೆ ಇದೆಯೇ, ದೀಪ ಉರಿಯುತ್ತಿದೆಯೇ, ಅಲ್ಲಿಂದ ಶಾಲೆಗೆ, ಅಂಗನವಾಡಿಗೆ ತಂತಿ ಹೋಗಿದೆಯೇ? ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ, ನಡಾವಳಿಯಲ್ಲಿ ಬರೆಸಿ.

ದುಡ್ಡು ಕಟ್ಟಿಯೂ ಡಬ್ಬಿಯ ಪಕ್ಕವೇ ನೆಟ್ಟು ಬಾರದವರು ಒಂದು ನೋಟ್‌ಬುಕ್ ಇಡಿ. ದಿನ, ಹೊತ್ತು, ಪಕ್ಕದಲ್ಲಿ ನಿಂತಾಗ ಬಂದ ಸ್ಪೀಡು, ಕೆಂಪು ದೀಪ ಉರಿದ ಗಂಟೆಗಳು. ಲೈನ್ ಹುಡುಗನಿಗೆ ಫೋನ್ ಮಾಡಿ ಬೈದರೆ ಅದು ದೂರಲ್ಲ, ಅವನ ಕೈಯಲ್ಲೂ ಏನಿಲ್ಲ ಪಾಪ. ಕಂಪನಿಯ ದೂರು ಕೇಂದ್ರಕ್ಕೆ ಹೇಳಿ ಡಾಕೆಟ್ ನಂಬರ್ ಕೇಳಿ ಪಡೆಯಿರಿ. ಅಲ್ಲಿ ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಹಕ್ಕನ್ನು ಟ್ರಾಯ್‌ನ 2012ರ ನಿಯಮಗಳು ಗ್ರಾಹಕರಿಗೆ ಕೊಟ್ಟಿವೆ. ನಂಬರ್ ಇಲ್ಲದೆ ಅಲ್ಲಿ ಮಾತು ಮುಂದಕ್ಕೆ ಹೋಗುವುದಿಲ್ಲ.

ಚೌತಿಯ ಮುಂಚೆ ಅಕ್ಕ ಫೋನ್ ಮಾಡಿದ್ದರು. ಆಯ್ಕೆ ಪಟ್ಟಿ ಕೋಣೆಯಲ್ಲೇ ಕೂತು ತುಂಬಿ ಆಯಿತಂತೆ, ಬಾಣಲೆ ಚಕ್ಕುಲಿ ಕರಿಯಲು ವಾಪಸ್ ಬಂತಂತೆ. ಒಂದೇ ತಕರಾರು ಯಜಮಾನರದು. ಈಗ ಜಗಲಿಯ ತುದಿಯಲ್ಲಿ ಕೂತರೆ ಯಕ್ಷಗಾನದ ವಿಡಿಯೊ ನಿಂತು ನಿಂತು ಬರುತ್ತದಂತೆ.

"ನೀವೇನು ಹೇಳಿದ್ರಿ ಅಕ್ಕಾ?" ಎಂದು ಕೇಳಿದೆವು.

"ಒಳಗೆ ಬಂದು ನೋಡಿ ಅಂದೆ."