ಬೀದರದ ಬಯಲಿನಲ್ಲೊಂದು ಗೆರೆ

ಎವರೆಸ್ಟ್ ಶಿಖರದ ಎತ್ತರವೆಷ್ಟೆಂದು ಕೇಳಿದರೆ ನನ್ನ ವಿದ್ಯಾರ್ಥಿಗಳು ಥಟ್ಟನೆ ಹೇಳಿಬಿಡುತ್ತಾರೆ. ಆ ಹೆಸರಿನ ಜಾರ್ಜ್ ಎವರೆಸ್ಟನ ಭೂಮಾಪನಕ್ಕೆ ನಮ್ಮ ಬೀದರದ ಬಯಲೂ ಒಂದು ಆಧಾರವಾಗಿತ್ತೆಂದರೆ ಮಾತ್ರ ನನ್ನ ಮುಖವನ್ನೇ ನೋಡುತ್ತಾರೆ. ತಪ್ಪು ಅವರದಲ್ಲ. ಕೋಟೆಯನ್ನೂ ಮಹಮೂದ ಗವಾನನ ಮದರಸಾವನ್ನೂ ಬಿದರಿಯ ಹೂಜಿಯನ್ನೂ ಹೊಗಳುವುದರಲ್ಲಿಯೇ ತೃಪ್ತರಾದ ನಾವು, ಇಲ್ಲಿಯ ನೆಲವನ್ನು ಅಳೆದವನ ಕಥೆಯನ್ನು ಅವರಿಗೆ ಹೇಳಲಿಲ್ಲ.

ಅವನು ವಿಲಿಯಂ ಲ್ಯಾಂಬ್ಟನ್. ಪದಾತಿ ಸೈನ್ಯದ ಅಧಿಕಾರಿ. ಕೆನಡದ ನ್ಯೂ ಬ್ರನ್ಸ್‌ವಿಕ್ಕಿನ ಗಡಿನಾಡಿನಲ್ಲಿ ವಲಸೆ ಬಂದವರಿಗೆ ಜಮೀನು ಅಳೆದುಕೊಡುತ್ತ ಈ ವಿದ್ಯೆಯನ್ನು ರೂಢಿಸಿಕೊಂಡವನು. ಸೂರ್ಯಗ್ರಹಣವನ್ನು ನೋಡಹೋಗಿ ಒಂದು ಕಣ್ಣಿನ ದೃಷ್ಟಿಯನ್ನೇ ಕೆಡಿಸಿಕೊಂಡನಂತೆ! 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದನು. 1802ರಲ್ಲಿ ಮದರಾಸಿನ ಬಳಿ, 1804ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಗಳನ್ನು ಅಳೆದು, 1815ರಲ್ಲಿ ನಿಜಾಮನ ಸೀಮೆಯ ಬೀದರಕ್ಕೆ ಬಂದನು.

ತ್ರಿಕೋನಗಳಿಂದ ದೇಶವನ್ನು ಅಳೆಯುವಾಗ ಒಂದು ಭುಜವನ್ನಾದರೂ ನೆಲದ ಮೇಲೆಯೇ ಅಳೆಯಬೇಕು. ಉಳಿದುದೆಲ್ಲ ಕೋನಗಳ ಲೆಕ್ಕ. ಆ ಒಂದು ಗೆರೆ ತಪ್ಪಿದರೆ ಸಾವಿರ ಮೈಲಿಯೂ ತಪ್ಪಿತು. ಅವನದು ನೂರು ಅಡಿಯ ಉಕ್ಕಿನ ಸರಪಳಿ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ; ಅದಕ್ಕಾಗಿ ಅದನ್ನು ಮರದ ದೋಣಿಗಳಲ್ಲಿ ಹಾಸಿ, ಮೇಲೆ ಡೇರೆಯ ನೆರಳು ಮಾಡಿ, ಉಷ್ಣಮಾಪಕವಿಟ್ಟು, ಪ್ರತಿ ಸಲವೂ ಲೆಕ್ಕವನ್ನು ತಿದ್ದಿಕೊಳ್ಳುವುದು ಅವನ ಕ್ರಮ. ನಮ್ಮ ಕಡೆಯ ಬೇಸಗೆಯನ್ನು ಬಲ್ಲವರಿಗೆ ಈ ಎಚ್ಚರದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಲ್ಯಾಂಬ್ಟನ್ 1823ರಲ್ಲಿ ಹಿಂಗಣಘಾಟದಲ್ಲಿ, ಕೆಲಸದ ನಡುವೆಯೇ ತೀರಿಕೊಂಡನು. 1841ರಲ್ಲಿ ಆಂಡ್ರೂ ವಾ ಎರಡು ಲೋಹಗಳ ಪಟ್ಟಿಗಳಿಂದ ಬೀದರದ ರೇಖೆಯನ್ನು ಮತ್ತೆ ಅಳೆದನು. ನಾಲ್ಕುನೂರು ಮೈಲಿಗೂ ಆಚೆಯ ಸಿರೋಂಜಿನಿಂದ ತ್ರಿಕೋನಗಳ ಮೂಲಕ ಗಣಿಸಿದ ಉದ್ದಕ್ಕೂ ಇಲ್ಲಿ ನೆಲದ ಮೇಲೆ ದೊರೆತ ಉದ್ದಕ್ಕೂ ಇದ್ದ ಅಂತರ ಕೆಲವೇ ಅಂಗುಲ!

ಪರಕೀಯರ ಆಳ್ವಿಕೆಯ ಸಾಧನವನ್ನು ನಾವೇಕೆ ನೆನೆಯಬೇಕೆಂದು ಕೇಳುವವರುಂಟು. ಆಕ್ಷೇಪಣೆ ಹುರುಳಿಲ್ಲದ್ದಲ್ಲ, ನಕಾಶೆ ಕೈಸೇರಿದ ಮೇಲೆ ದಂಡಿಗೂ ಕಂದಾಯಕ್ಕೂ ದಾರಿ ಸುಗಮ. ಆದರೆ ಅರ್ಧ ಟನ್ ತೂಕದ ಕೋನಮಾಪಕವನ್ನು ಗುಡ್ಡಕ್ಕೇರಿಸಿದವರು, ಸರಪಳಿ ಹಿಡಿದವರು, ದೂರದ ದಿಬ್ಬದಲ್ಲಿ ಬಾವುಟ ಹಿಡಿದು ನಿಂತವರು ಬಹುಮಟ್ಟಿಗೆ ಈ ದೇಶದವರೇ. ಲ್ಯಾಂಬ್ಟನ್ನನ ಹೆಸರನ್ನು ಕೈಬಿಟ್ಟರೆ ಇವರ ದುಡಿಮೆಯನ್ನು ನೆನೆಯಲು ಇರುವ ನೆವವೂ ತಪ್ಪಿಹೋಗುತ್ತದೆ.

ನನ್ನದೊಂದು ಬಿನ್ನಹ. ಬೀದರ, ಭಾಲ್ಕಿ, ಔರಾದಗಳ ಪ್ರೌಢಶಾಲೆಗಳಲ್ಲಿ ವರ್ಷಕ್ಕೊಂದು ದಿನ ಮಕ್ಕಳ ಕೈಗೆ ಲೋಹದ ಸರಪಳಿಯೊಂದನ್ನು ಕೊಟ್ಟು, ಆಟದ ಬಯಲನ್ನು ಬೆಳಗಿನ ತಂಪಿನಲ್ಲೊಮ್ಮೆ, ನಡುಹಗಲಿನ ಬಿಸಿಲಿನಲ್ಲೊಮ್ಮೆ ಅಳೆಯಿಸಬೇಕು. ಎರಡು ಉತ್ತರಗಳೂ ಒಂದೇ ಆಗದಿದ್ದಾಗ ಅವರೇ ಪ್ರಶ್ನೆ ಕೇಳುತ್ತಾರೆ. 1815ರ ಕಥೆಯನ್ನು ಆಗ ಹೇಳಬಹುದು.