ಹನಿಮೂನಿಗೆ ರಾಮನಗರಾನಾ ಚಿಕ್ಕಮ್ಮ?

ಅಕ್ಕನ ಮಗಳ ಮದುವೆ ಫೆಬ್ರವರಿಗೆ. ಛತ್ರ, ಊಟ, ಒಡವೆ ಅಂತ ಭಾವ ಆಗಲೇ ಸಾಲ ಮಾಡಿದ್ದಾರೆ. ಹೋದ ಭಾನುವಾರ ಹುಡುಗ ಹುಡುಗಿ ಇಬ್ಬರೂ ಬೆಂಗಳೂರಿಂದ ನಮ್ಮನೆಗೆ ಬಂದಿದ್ರು. ಅವನಿಗೆ ಬಾಲಿಗೆ ಹೋಗೋ ಆಸೆ, ಕಂತಿನಲ್ಲಿ ಕಟ್ಟಿದ್ರಾಯ್ತು ಅಂತಾನೆ. ಅರ್ಧ ನಾನು ಕೊಡ್ತೀನಿ ಅಂತ ಭಾವ ಬೇರೆ ಒಪ್ಪಿಕೊಂಡಿದ್ದಾರೆ. ಹುಡುಗಿಗೆ ಮಾತ್ರ ಪರಿಸರಕ್ಕೆ ಹೊರೆ ಆಗದ ಹಾಗೆ ಹೋಗಿ ಬರಬೇಕು ಅಂತ. ಅಲ್ಲೂ ಬಿದಿರಿನ ಕಾಟೇಜು ಇದಾವಂತೆ.

"ಅಲ್ರಪ್ಪ, ಹೋಗಿ ಬರೋ ವಿಮಾನದ ಹೊಗೆ ಮುಂದೆ ಬಿದಿರಿನ ಕಾಟೇಜು ಯಾವ ಲೆಕ್ಕ? ಇಲ್ಲೇ ನಾಲ್ಕು ದಿನ ಸುತ್ತಿ" ಅಂದೆ. ನಕ್ಕುಬಿಟ್ರು.

ಶೋಲೆ ಬಂಡೆ ಅಂದ್ರೆ ಎಲ್ಲರಿಗೂ ಗೊತ್ತು. ಆದರೆ ಅದೇ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ ಅನ್ನೋದು ಈ ಮಕ್ಕಳಿಗೆ ಗೊತ್ತೇ ಇರಲಿಲ್ಲ. ದನಗಳಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧ, ಸತ್ತ ದನ ತಿಂದ ಹದ್ದುಗಳ ಮೂತ್ರಪಿಂಡವನ್ನೇ ಕೆಡಿಸ್ತು. 2006ರಲ್ಲಿ ದನಗಳಿಗೆ ಅದನ್ನು ಕೊಡಬಾರದು ಅಂತ ನಿಷೇಧ ಬರೋ ಹೊತ್ತಿಗೆ ದೇಶದ ಬಹುಪಾಲು ಹದ್ದುಗಳು ಹೋಗಿದ್ದವು. ಉದ್ದಕೊಕ್ಕಿನ ಹದ್ದು ಇಡೋದೇ ವರ್ಷಕ್ಕೆ ಒಂದು ಮೊಟ್ಟೆ, ಗಂಡು ಹೆಣ್ಣು ಸರದಿಯಲ್ಲಿ ಕಾವು ಕೊಡ್ತಾವೆ. ಫೆಬ್ರವರಿ ಅವುಗಳ ಗೂಡಿನ ಕಾಲ. ಅದಕ್ಕೇ ಡ್ರೋನು, ಹಾಡು, ಕೂಗಾಟ ಯಾವುದೂ ಬೇಡ, ದೂರದಿಂದ ದುರ್ಬೀನಿನಲ್ಲಿ ನೋಡಿ ಅಂದೆ. ಹುಡುಗ ಸುಮ್ಮನೆ ಕೇಳ್ತಿದ್ದ.

ಚನ್ನಪಟ್ಟಣಕ್ಕೆ ರೈಲಿನಲ್ಲೇ ಹೋಗಬಹುದು. ತಿರುಗೋ ಹಾಲೆ ಮರದ ತುಂಡಿಗೆ ಬಣ್ಣದ ಅರಗು ಒತ್ತಿದರೆ, ಉಜ್ಜೋ ಬಿಸಿಗೇ ಕರಗಿ ಹತ್ತುತ್ತೆ. ನೋಡ್ತಾ ಕೂತರೆ ಅರ್ಧ ದಿನ ಹೋಗಿದ್ದೇ ಗೊತ್ತಾಗಲ್ಲ. ಎಲ್ಲ ಅಂಗಡಿಯಲ್ಲೂ ಗಿಡಮೂಲದ ಬಣ್ಣ ಇರಲ್ಲ, ಕೇಳಿ ತಗೋಬೇಕು. ನೆಂಟರಿಗೆ ಪ್ಲಾಸ್ಟಿಕ್ ಡಬ್ಬಿ ಹಂಚೋ ಬದಲು ಇಲ್ಲಿನ ಕುಂಕುಮದ ಭರಣಿ ಕೊಡಿ.

ಕನಕಪುರದ ಕಡೆ ಸಂಗಮ, ಮೇಕೆದಾಟು. ಅರ್ಕಾವತಿ ಕಾವೇರಿ ಸೇರೋದನ್ನ ದಡದಲ್ಲಿ ಕೂತು ನೋಡಿ ಸಾಕು, ಸೆಲ್ಫಿಗೆ ಅಂತ ನೀರಿಗಿಳಿದು ಜೀವ ಕಳಕೊಂಡವರು ಕಡಿಮೆ ಇಲ್ಲ. ಮಾಗಡಿಯ ಸಾವನದುರ್ಗ ಹತ್ತೋದಾದ್ರೆ ಬೆಳಿಗ್ಗೆ ಬೇಗ, ಮನೆಯಿಂದಲೇ ನೀರು ತುಂಬಿಸಿಕೊಂಡು.

ಉಳಿಯೋ ಜಾಗದ್ದೇ ತಲೆನೋವು. ಹೋದ ವರ್ಷ ನಾವು ತಂಗಿದ್ದ ಒಂದು 'ಎಕೋ' ರೆಸಾರ್ಟಿನಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲಲ್ಲಿ ಖಾಲಿ ಬಾಟಲಿಗಳ ರಾಶಿಗೆ ಬೆಂಕಿ! ಹಾಗಾಗಿ ಕಸ ಏನು ಮಾಡ್ತೀರಿ, ಕೆಲಸಕ್ಕೆ ಊರಿನವರು ಇದಾರಾ ಅಂತ ಮೊದಲೇ ಫೋನಿನಲ್ಲಿ ಕೇಳಿ ಅಂತ ಹೇಳಿ ಕಳಿಸಿದೆ.

ಅಕ್ಕನಿಗೆ ನನ್ನ ಮೇಲೆ ಸಿಟ್ಟು. "ಬೀಗರ ಮುಂದೆ ರಾಮನಗರಕ್ಕೆ ಹೋದ್ರು ಅಂತ ಹೇಳಲಾ?" ಅಂತ ಫೋನ್ ಇಟ್ಟಳು. ರಾತ್ರಿ ಹತ್ತಕ್ಕೆ ಭಾವನ ಫೋನು. ಮೆಲ್ಲಗೆ ಕೇಳಿದ್ರು: "ನಿಜವಾಗ್ಲೂ ಅಷ್ಟರಲ್ಲೇ ಮುಗಿಯುತ್ತಾ?"