ಕೆಟ್ಟುದು ಪೆಟ್ಟಿಗೆ, ಕಡಿತ ಪಗಾರಕ್ಕೆ?

ಮುಂಬಯಿಯ ನಮ್ಮ ಹೋಟೆಲುಗಳಲ್ಲಿ ಬಿಲ್ಲು ಬರೆಯುವ ಚೀಟಿಪುಸ್ತಕ ಹೋಗಿ ಕಂಪ್ಯೂಟರ್ ಬಂದು ಬಹಳ ಕಾಲವಾಯಿತು. ಬೆಳಗಿನ ತಿಂಡಿಗೆ ಗಿರಾಕಿಗಳು ನೆರೆದಿರುವ ಹೊತ್ತಿನಲ್ಲಿಯೇ ಅದು ಒಮ್ಮೆಲೇ ಆರಿಹೋಗುವುದುಂಟು. ಗುಂಡಿ ಒತ್ತಿದರೆ ದೀಪವಿಲ್ಲ, ಫ್ಯಾನಿನ ಸದ್ದಿಲ್ಲ. ಆಗ ಮಾಲಿಕರ ಬಾಯಿಂದ ಹೊರಡುವ ಮೊದಲ ಮಾತು, 'ಯಾರೋ ಮುಟ್ಟಿದ್ದು?' ಮುಟ್ಟಿದವನು ಗಲ್ಲಾದಲ್ಲಿ ಕುಳಿತ ಹುಡುಗ. ವಿಚಾರಣೆ ಅಲ್ಲಿಗೆ ಮುಗಿಯಿತು. ತಿಂಗಳ ಕೊನೆಗೆ ಅವನ ಪಗಾರದಿಂದ ಹಣ ಮುರಿಯುತ್ತಾರೆ. ಊರಿಗೆ ಹೋಗುವ ಹಣ ಅಷ್ಟು ಕಡಿಮೆಯಾಗುತ್ತದೆ. ಈ ಪದ್ಧತಿಯು ಅನ್ಯಾಯವೆಂದೂ, ಯಂತ್ರವನ್ನು ಅರಿಯದವರ ನಡತೆಯೆಂದೂ ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಹೀಗೆ ಪೂರ್ತಿ ಸತ್ತಂತೆ ಕಾಣುವ ಕಂಪ್ಯೂಟರಿನಲ್ಲಿ ಅನೇಕ ವೇಳೆ ಕೆಟ್ಟಿರುವುದು ಒಂದೇ ಭಾಗ. ಹಿಂಬದಿಯಲ್ಲಿ ವಿದ್ಯುತ್ತಿನ ವೈರು ಸೇರುವ ಕಡೆ ಇರುವ ಆ ತಗಡಿನ ಪೆಟ್ಟಿಗೆಗೆ ಪವರ್ ಸಪ್ಲೈ ಎಂದು ಹೆಸರು. ಪೇಟೆಯಲ್ಲಿ ಎಸ್‌ಎಂಪಿಎಸ್ ಎನ್ನುತ್ತಾರೆ. 230 ವೋಲ್ಟಿನ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಒಳಗಿನ ಭಾಗಗಳಿಗೆ ಹಂಚುವುದು ಅದರ ಕೆಲಸ. ಅದರೊಳಗೆ ಕೆಪಾಸಿಟರ್ ಎಂಬ ಸಣ್ಣ ಡಬ್ಬಿಗಳಿವೆ. ಅವುಗಳಲ್ಲಿರುವ ದ್ರವವು ಶಾಖಕ್ಕೆ ಮೆಲ್ಲಮೆಲ್ಲನೆ ಒಣಗುತ್ತದೆ. ಶಾಖವು 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂದು ಆ ಕಸಬಿನವರ ಲೆಕ್ಕ. ಹೋಟೆಲಿನಲ್ಲಿ ಬಾಣಲೆಯ ಎಣ್ಣೆಹೊಗೆಯೂ ಧೂಳೂ ಕೂಡಿ ಫ್ಯಾನಿಗೆ ಮೆತ್ತಿಕೊಳ್ಳುತ್ತವೆ; ಗಿರಣಿಯ ಆಫೀಸಾದರೆ ಹತ್ತಿಯ ಎಳೆ. ಫ್ಯಾನು ನಿಂತರೆ ಶಾಖ ಏರುತ್ತದೆ. ಜೊತೆಗೆ ವಿದ್ಯುತ್ತಿನ ಏರಿಳಿತದ ಹೊಡೆತ ಬೇರೆ. ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರಿಗೆ ಇದು ಹೊಸ ಪಾಠವಲ್ಲ. ಎಣ್ಣೆ ಕಾಣದೆ ಬೇರಿಂಗು ಸವೆದರೆ ಅದಕ್ಕೆ ಮಗ್ಗ ನಡೆಸುವವನನ್ನು ಹೊಣೆ ಮಾಡುವುದು ಎಂಥ ನ್ಯಾಯ?

ಆದುದರಿಂದ ದೂಷಣೆಗೆ ಮೊದಲು ಪರೀಕ್ಷೆ ನಡೆಯಲಿ. ಅದೇ ಪ್ಲಗ್ಗಿಗೆ ಬೇರೊಂದು ದೀಪ ಹಾಕಿ ಉರಿಯುವುದೋ ನೋಡಬೇಕು. ವೈರನ್ನು ಬದಲಿಸಿ ನೋಡಬೇಕು. ಪೆಟ್ಟಿಗೆಯ ಹಿಂಬದಿಯ ಸಣ್ಣ ಸ್ವಿಚ್ಚು ಆರಿದೆಯೋ ನೋಡಬೇಕು. ಮುಂದಿನದು ಮೆಕ್ಯಾನಿಕ್ಕಿನ ಕೆಲಸ. ಅವನು ಮೀಟರು ಹಿಡಿದರೆ 12 ವೋಲ್ಟಿನ ತಂತಿಯಲ್ಲಿ 11.4ರಿಂದ 12.6, 5 ವೋಲ್ಟಿನದರಲ್ಲಿ 4.75ರಿಂದ 5.25 ತೋರಿಸಬೇಕು. ಫ್ಯಾನು ತಿರುಗಿದ ಮಾತ್ರಕ್ಕೆ ಪೆಟ್ಟಿಗೆ ಸರಿಯಿದೆ ಎನ್ನಲಾಗದು. ಸಂಶಯ ಉಳಿದರೆ ಕೆಲಸ ಮಾಡುತ್ತಿರುವ ಇನ್ನೊಂದು ಪೆಟ್ಟಿಗೆಯನ್ನು ಜೋಡಿಸಿ ನೋಡುವುದೇ ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆ. ಕೆಟ್ಟ ಪೆಟ್ಟಿಗೆಯ ತಗಡನ್ನು ಬಿಚ್ಚುವ ಸಾಹಸ ಯಾರೂ ಮಾಡಬಾರದು. ಪ್ಲಗ್ಗು ಕಿತ್ತ ಮೇಲೆಯೂ ಒಳಗೆ 300 ವೋಲ್ಟಿಗೂ ಮೀರಿದ ವಿದ್ಯುತ್ತು ಉಳಿದಿರಬಹುದು. 'ನೀನೇ ಬಿಚ್ಚಿ ನೋಡು' ಎಂದು ಯಾರಾದರೂ ಹೇಳಿದರೆ ಖಂಡಿತವಾಗಿ ಒಪ್ಪಬೇಡಿರಿ.

ಪೆಟ್ಟಿಗೆ ಕೆಟ್ಟರೆ ಪೆಟ್ಟಿಗೆಯನ್ನು ಬದಲಿಸಿದರೆ ಸಾಕು. ಲೆಕ್ಕಪತ್ರವಿರುವ ಡಿಸ್ಕು ಬೇರೆಯೇ ಭಾಗ. ಸಾಮಾನ್ಯವಾಗಿ ಅದಕ್ಕೆ ಏನೂ ಆಗಿರುವುದಿಲ್ಲ. ಹೊಸದು ಹಳೆಯದರಷ್ಟೇ ಅಥವಾ ಹೆಚ್ಚು ವಾಟಿನದಾಗಿರಬೇಕು, ಅದರ ಕನೆಕ್ಟರುಗಳು ಹೊಂದಬೇಕು. ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಬೇಕಾದಷ್ಟು ಬಗೆ ಸಿಗುತ್ತವೆ. ಆದರೆ ತೀರ ಅಗ್ಗದ, ಹೆಸರಿಲ್ಲದ ಮಾಲು ಕೆಡುವಾಗ ಮದರ್‌ಬೋರ್ಡನ್ನೂ ಸುಟ್ಟುಬಿಡಬಹುದು. ಮಾಲಿಕರು ಅಲ್ಲಿ ಉಳಿಸಿದ ಹಣದ ನಷ್ಟವನ್ನು ನೌಕರನು ಭರಿಸಬೇಕೆ?

ಕಾಯಿದೆಯೂ ಅದನ್ನು ಒಪ್ಪುವುದಿಲ್ಲ. ವಶಕ್ಕೆ ಒಪ್ಪಿಸಿದ ವಸ್ತುವಿಗೆ ಆದ ಹಾನಿಯು ನೇರವಾಗಿ ನೌಕರನ ಅಲಕ್ಷ್ಯದಿಂದ ಅಥವಾ ತಪ್ಪಿನಿಂದ ಆಗಿದ್ದರೆ ಮಾತ್ರ ಪಗಾರದಲ್ಲಿ ಕಡಿತ ಮಾಡಬಹುದು. ಕಡಿತವು ಹಾನಿಯ ಮೊತ್ತವನ್ನು ಮೀರಕೂಡದು. ಅದಕ್ಕೂ ಮೊದಲು ಅವನ ಸಮಜಾಯಿಷಿ ಕೇಳಬೇಕು. 1936ರ ವೇತನ ಪಾವತಿ ಕಾಯಿದೆಯಲ್ಲಿದ್ದ ಈ ನಿಯಮವನ್ನು 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ಹುಡುಗನು ಕಂಪ್ಯೂಟರಿನ ಮೇಲೆ ಚಹಾ ಚೆಲ್ಲಿದರೆ ಕೇಳಬಾರದೆಂದು ನಾವು ಹೇಳುವುದಿಲ್ಲ. ಕೇಳಲಿ, ಉತ್ತರವನ್ನೂ ಆಲಿಸಲಿ. ವಯಸ್ಸಾಗಿ ಕೆಟ್ಟ ಪೆಟ್ಟಿಗೆಯ ಬೆಲೆಯನ್ನು ಮಾತ್ರ ಬಡವನ ತಲೆಗೆ ಕಟ್ಟುವುದು ಬೇಡ.

ಮಾಲಿಕರು ಮಾಡಬೇಕಾದುದು ಹೆಚ್ಚೇನಿಲ್ಲ. ಕಂಪ್ಯೂಟರನ್ನು ಒಲೆಯ ಹೊಗೆಯಿಂದ ದೂರವಿಡಲಿ, ಸರಿಯಾದ ಅರ್ತಿಂಗ್ ಇರುವ ಪ್ಲಗ್ಗು ಕೊಡಲಿ, ಆಗಾಗ ಧೂಳು ತೆಗೆಸಲಿ. ಇನ್ನು ನಮ್ಮ ಸಂಘಗಳ ಕರ್ತವ್ಯ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರು ಈ ಶಹರದ ಕನ್ನಡಿಗರು. ಒಂದು ಮೀಟರು, ಒಂದು ಹಳೆಯ ಕಂಪ್ಯೂಟರು, ಕೆಲಸ ಬಲ್ಲ ಒಬ್ಬ ಬಂಧು, ಇಷ್ಟಿದ್ದರೆ ತಿಂಗಳಿಗೊಂದು ಸಂಜೆಯ ಪಾಠ ನಡೆಸಬಹುದು. ಯಂತ್ರ ಏಕೆ ಕೆಟ್ಟಿತೆಂದು ಹೇಳಬಲ್ಲ ಹುಡುಗನ ಮೇಲೆ ತಪ್ಪು ಹೊರಿಸುವುದು ಅಷ್ಟು ಸುಲಭವಲ್ಲ.

ಇಂಥ ಕಡಿತಕ್ಕೆ ಒಳಗಾದ ಬಂಧುಗಳು ಪಗಾರದ ಪುಸ್ತಕಕ್ಕೆ ರುಜು ಹಾಕುವ ಮೊದಲು ತಮ್ಮ ಸಂಘಕ್ಕೆ ತಿಳಿಸಬೇಕೆಂದು ನಮ್ಮ ವಿನಂತಿ.